ಗಣಕದ ಪರವಾನಿಗೆ ಮತ್ತು ಕಾವಲು: ಕೆಲವು ಪದಗಳ ಪರಿಚಯ

ಇಂದಿನ ಯುಗವು ಗಣಕಯಂತ್ರದ ಯುಗವೆಂಬ ಮಾತನ್ನು ನಾವೆಲ್ಲರೂ ಸಭೆ ಸಮಾರಂಭಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಆದರೆ ಕಲಾ ವಿಭಾಗದ ವಿದ್ಯಾರ್ಥಿಗೆ ಗಣಕದ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ನಾನು ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಅಂತಿಮ ಬಿ.ಎ. ವಿದ್ಯಾರ್ಥಿ. ಒಂದು ವರ್ಷದ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ನಾನೂ ಹೌದೆಂದು ತಲೆಯಾಡಿಸುತ್ತಿದ್ದೆನು. ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಪುಸ್ತಕವಲ್ಲ, ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ.

ನಮ್ಮ ತಂದೆಯವರು ಬನಹಟ್ಟಿಯಲ್ಲಿ ಪಾವರ್‌ಲೂಮಿನ ನೇಕಾರರು. ಹೋದ ವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಅವರು ಮಗ್ಗ ನಿಲ್ಲಿಸಿ ಊಟಕ್ಕೆ ಕುಳಿತ ಹೊತ್ತಿಗೆ ಫೋನು ಬಂದಿತು. ಆ ಕಡೆಯವನು ಬ್ಯಾಂಕಿನವನೆಂದು ಹೇಳಿಕೊಂಡನು. ಕಾರ್ಡು ಇಂದೇ ಬಂದ್ ಆಗುವುದೆಂದೂ, ಈಗ ಒಂದು ಸಂದೇಶ ಬರುವುದೆಂದೂ, ಅದರಲ್ಲಿರುವ ಅಂಕಿಗಳನ್ನು ಓದಿ ಹೇಳಿದರೆ ಸರಿಹೋಗುವುದೆಂದೂ ತಿಳಿಸಿದನು. ತಂದೆಯವರು ಓದಿ ಹೇಳಿದರು. ತಂಗಿಯ ಕಾಲೇಜು ಪ್ರವೇಶಕ್ಕೆಂದು ಮಜೂರಿಯಲ್ಲಿ ಕೂಡಿಸಿಟ್ಟಿದ್ದ 14,600 ರೂಪಾಯಿ ಊಟ ಮುಗಿಯುವುದರೊಳಗೆ ಹೋಗಿತ್ತು. ನಾಚಿಕೆಯಿಂದ ಅವರು ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ನನ್ನೊಡನೆ ಆಡಿದ ಮಾತು ಇಷ್ಟೆ:

“ಸಂದೇಶ ಇಂಗ್ಲಿಷಿನ್ಯಾಗಿತ್ತು ತಮ್ಮಾ. ಅದರಾಗ ನನಗ ಓದಾಕ ಬಂದದ್ದು ಅಂಕಿ ಅಷ್ಟ. ಅದನ್ನ ಹೇಳಿಬಿಟ್ನಿ.”

ಆ ಸಂದೇಶವನ್ನು ನಾನು ತೆರೆದು ನೋಡಿದೆನು. ಅಂಕಿಗಳ ಮುಂದೆಯೇ, ಇವನ್ನು ಯಾರಿಗೂ ಹೇಳಬೇಡಿರೆಂಬ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು. ಓದಲು ಬಂದದ್ದು ಯಾವುದೋ ಅದೇ ಗುಟ್ಟಾಗಿತ್ತು, ಓದಲು ಬಾರದ್ದು ಯಾವುದೋ ಅದೇ ಕಾವಲಾಗಿತ್ತು. ಆ ಫೋನನ್ನು ಅವರ ಕೈಗೆ ಕೊಟ್ಟವನು ನಾನು. ಬ್ಯಾಂಕಿನ ಖಾತೆಗೆ ಅದನ್ನು ಜೋಡಿಸಿದವನೂ ನಾನೆ. ಕರೆ ಎತ್ತುವುದನ್ನು ಕಲಿಸಿದೆನೇ ಹೊರತು ಈ ಒಂದು ಪದದ ಅರ್ಥವನ್ನು ಕಲಿಸಲಿಲ್ಲ. ನಿಜ ಹೇಳಬೇಕೆಂದರೆ ಇಂಥ ಹತ್ತಾರು ಪದಗಳ ಅರ್ಥ ನನಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಬಂದುದಕ್ಕೆಲ್ಲ ‘ಒಪ್ಪಿದೆ’ ಎಂದು ಒತ್ತುತ್ತ ಬಂದಿದ್ದೆನು.

ನಮ್ಮ ಕಾಲೇಜಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳ ವಿದ್ಯಾರ್ಥಿಗಳಿದ್ದೇವೆ. ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಮನೆಗೆ ಬಂದ ಕಾಗದವನ್ನು ಓದಿ ಹೇಳುವ ಕೆಲಸ ನಮ್ಮದು. ಆದುದರಿಂದ ಗಣಕದ ಪರವಾನಿಗೆ, ಭದ್ರತೆಗಳಿಗೆ ಸಂಬಂಧಿಸಿದ ಕೆಲವು ಮೂಲ ಪದಗಳನ್ನು ನಾನು ತಿಳಿದುಕೊಂಡಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

1. ಮಗ್ಗವೂ ಗಣಕವೂ

ಮೊದಲು ಯಂತ್ರಾಂಶ, ತಂತ್ರಾಂಶ ಎಂಬ ಎರಡು ಪದಗಳನ್ನು ನೋಡೋಣ. ಕೈಗೆ ಸಿಗುವ ಭಾಗವೆಲ್ಲ ಯಂತ್ರಾಂಶ, ಅಂದರೆ ಹಾರ್ಡ್‌ವೇರ್. ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಅಪ್ಪಣೆ ಕೊಡುವ ಸೂಚನೆಗಳ ಸಮೂಹವೇ ತಂತ್ರಾಂಶ, ಅಂದರೆ ಸಾಫ್ಟ್‌ವೇರ್. ರಬಕವಿ-ಬನಹಟ್ಟಿಯ ಕಡೆಯವರಿಗೆ ಇದನ್ನು ತಿಳಿಸಲು ಬಹಳ ಮಾತು ಬೇಡ. ಸೀರೆಯ ಅಂಚಿನಲ್ಲಿ ಹೂ ಬಳ್ಳಿ ಮೂಡಿಸುವ ಜಕಾರ್ಡಿನಲ್ಲಿ ರಂಧ್ರ ಹೊಡೆದ ಕಾರ್ಡುಗಳ ಮಾಲೆಯಿರುತ್ತದೆ. ರಂಧ್ರವಿದ್ದಲ್ಲಿ ಒಂದು ಬಗೆ, ಇಲ್ಲದಲ್ಲಿ ಇನ್ನೊಂದು ಬಗೆ. ಅದರಂತೆ ಎಳೆಗಳು ಏಳುತ್ತವೆ ಅಥವಾ ನಿಲ್ಲುತ್ತವೆ. ಮಗ್ಗ ಅದೇ, ಕಾರ್ಡಿನ ಮಾಲೆ ಬದಲಾದರೆ ವಿನ್ಯಾಸ ಬದಲಾಗುವುದು. ಮಗ್ಗವು ಯಂತ್ರಾಂಶ, ಕಾರ್ಡಿನ ಮಾಲೆಯು ತಂತ್ರಾಂಶ.

ಇದು ಬರಿಯ ಹೋಲಿಕೆಯಲ್ಲ, ಇತಿಹಾಸವೂ ಹೌದು. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡ್ ಎಂಬವನು 1804ರ ಸುಮಾರಿಗೆ ಈ ಸಾಧನವನ್ನು ರೂಪಿಸಿದನು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಗಣಿತಯಂತ್ರದ ಯೋಜನೆಗೆ ಇವೇ ರಂಧ್ರಕಾರ್ಡುಗಳನ್ನು ಆರಿಸಿಕೊಂಡನು. ಆ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿಗಳನ್ನು ಪ್ರಕಟಿಸಿದ ಏಡಾ ಲವ್ಲೇಸ್ ಎಂಬ ವಿದುಷಿಯು, ಮಗ್ಗಕ್ಕೂ ಗಣಿತಯಂತ್ರಕ್ಕೂ ಇರುವ ಸಾದೃಶ್ಯವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಳು. ನಮ್ಮ ಓಣಿಯಲ್ಲಿ ಹಗಲಿರುಳು ಕೇಳುವ ಖಟಖಟ ಸದ್ದು ಗಣಕದ ಪೂರ್ವಜರ ಸದ್ದೆಂಬುದು ನಮಗೆ ಹೆಮ್ಮೆಯ ವಿಷಯವಲ್ಲವೆ?

ಇನ್ನೊಂದು ಪದ ಮೂಲಸಂಕೇತ, ಅಂದರೆ ಸೋರ್ಸ್ ಕೋಡ್. ಜಕಾರ್ಡಿಗೆ ಕಾರ್ಡು ಹೊಡೆಯುವ ಮೊದಲು ವಿನ್ಯಾಸವನ್ನು ಚೌಕಳಿ ಕಾಗದದ ಮೇಲೆ ಬರೆಯುತ್ತಾರೆ. ಬರೆದ ಕಾಗದವನ್ನು ಮನುಷ್ಯನು ಓದಬಲ್ಲನು, ತಿದ್ದಬಲ್ಲನು. ಕಾರ್ಡುಗಳನ್ನು ಓದುವುದು ಮಗ್ಗದ ಕೆಲಸ. ತಂತ್ರಾಂಶವೂ ಹೀಗೆಯೆ. ಮನುಷ್ಯನು ಬರೆದು ಓದುವ ರೂಪ ಮೂಲಸಂಕೇತ. ಯಂತ್ರವು ನಡೆಸುವ ರೂಪ ಬೇರೆ. ಹಲವು ಕಂಪನಿಗಳು ನಮಗೆ ಕಾರ್ಡನ್ನು ಕೊಡುತ್ತವೆ, ಚೌಕಳಿ ಕಾಗದವನ್ನು ಕೊಡುವುದಿಲ್ಲ. ಮುಂದಿನ ಮಾತುಗಳೆಲ್ಲ ಈ ಭೇದದ ಮೇಲೆಯೇ ನಿಂತಿವೆ.

2. ಕೃತಿಸ್ವಾಮ್ಯ ಮತ್ತು ಪರವಾನಿಗೆ

ಕೃತಿಸ್ವಾಮ್ಯವೆಂದರೆ ಕೃತಿಯನ್ನು ರಚಿಸಿದವನಿಗೆ ಅದನ್ನು ನಕಲು ಮಾಡುವ, ಹಂಚುವ, ಮಾರ್ಪಡಿಸುವ ವಿಷಯದಲ್ಲಿರುವ ಹಕ್ಕು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯು 1957ರದು. 1984ರ ತಿದ್ದುಪಡಿಯು ಗಣಕದ ಕ್ರಮವಿಧಿಗಳನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿತು. ಕಾಯಿದೆಯ ಕಣ್ಣಿನಲ್ಲಿ ಕಾದಂಬರಿಯೂ ತಂತ್ರಾಂಶವೂ ಒಂದೇ ಪಂಕ್ತಿಯಲ್ಲಿ ಕೂಡ್ರುತ್ತವೆಂಬುದು ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಬೆರಗು ತಂದಿತು. ಈ ಹಕ್ಕು ಹುಟ್ಟಲು ನೋಂದಣಿ ಬೇಕೆಂದಿಲ್ಲ, ಬರೆದೊಡನೆ ಹುಟ್ಟುವುದು.

ಪರವಾನಿಗೆ, ಅಂದರೆ ಲೈಸೆನ್ಸ್, ಎಂದರೆ ಹಕ್ಕುದಾರನು ನಮಗೆ ಕೊಡುವ ಅನುಮತಿ. ಸಂತೆಯಲ್ಲಿ ಸೀರೆ ಕೊಂಡರೆ ಅದು ನಮ್ಮದು. ಉಡಬಹುದು, ಹರಿದು ಕೌದಿ ಹೊಲಿಯಬಹುದು, ಮಾರಬಹುದು. ತಂತ್ರಾಂಶಕ್ಕೆ ಹಣ ಕೊಟ್ಟಾಗ ಸಾಮಾನ್ಯವಾಗಿ ನಾವು ಕೊಳ್ಳುವುದು ವಸ್ತುವನ್ನಲ್ಲ, ಕೆಲವು ಕಟ್ಟಳೆಗಳೊಡನೆ ಬಳಸುವ ಅನುಮತಿಯನ್ನು. ಎಷ್ಟು ಯಂತ್ರಗಳಲ್ಲಿ ಹಾಕಬಹುದು, ಎಷ್ಟು ಕಾಲ ಬಳಸಬಹುದು, ಇತರರಿಗೆ ಕೊಡಬಹುದೋ ಬಾರದೋ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ನಾವು ಓದದೆ ‘ಒಪ್ಪಿದೆ’ ಎಂದು ಒತ್ತುವ ಉದ್ದನೆಯ ಬರಹ ಇದುವೆ. ಹೊಲದ ಲಾವಣಿ ಪತ್ರಕ್ಕೆ ಓದದೆ ಸಹಿ ಹಾಕುವವನನ್ನು ನಮ್ಮ ಹಿರಿಯರು ಬೈಯುತ್ತಾರೆ. ಇಲ್ಲಿ ನಾವೆಲ್ಲರೂ ದಿನಾಲು ಹಾಗೆಯೇ ಹೆಬ್ಬೆಟ್ಟು ಒತ್ತುತ್ತಿದ್ದೇವೆ.

3. ಪುಕ್ಕಟೆಯೂ ಮುಕ್ತವೂ

ಪರವಾನಿಗೆಗಳಲ್ಲಿ ಹಲವು ಬಗೆ. ಮೂಲಸಂಕೇತವನ್ನು ಗುಟ್ಟಾಗಿಟ್ಟು ಬಳಕೆಗೆ ಮಾತ್ರ ಅನುಮತಿ ಕೊಡುವುದು ಸ್ವಾಮ್ಯದ ತಂತ್ರಾಂಶ. ಮೈಕ್ರೋಸಾಫ್ಟಿನ ವಿಂಡೋಸ್ ಇದಕ್ಕೆ ಉದಾಹರಣೆ. ಹಣ ಕೇಳದೆ ಬಳಸಲು ಕೊಟ್ಟು ಮೂಲಸಂಕೇತವನ್ನು ಕೊಡದಿದ್ದರೆ ಅದು ಫ್ರೀವೇರ್. ಕೆಲವು ದಿನ ಬಳಸಿ ನೋಡಿ ಆಮೇಲೆ ಹಣ ಕೊಡಿರಿ ಎಂದರೆ ಶೇರ್‌ವೇರ್. ಬಳಸಲು, ಓದಿ ತಿದ್ದಲು, ಹಂಚಲು, ತಿದ್ದಿದ್ದನ್ನೂ ಹಂಚಲು ಈ ನಾಲ್ಕು ಸ್ವಾತಂತ್ರ್ಯಗಳನ್ನು ಕೊಡುವುದು ಮುಕ್ತ ತಂತ್ರಾಂಶ.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಬೆಲೆಯಿಲ್ಲದ್ದು, ಬಂಧನವಿಲ್ಲದ್ದು ಎಂಬ ಎರಡೂ ಅರ್ಥಗಳಿರುವುದರಿಂದ ಅಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಲು ಬಹಳ ಕಷ್ಟ. ನಮಗೆ ಆ ಕಷ್ಟವಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಸಿಕ್ಕದ್ದೆಲ್ಲ ಮುಕ್ತವಲ್ಲ, ಮುಕ್ತವಾದದ್ದೆಲ್ಲ ಪುಕ್ಕಟೆಯಾಗಿರಬೇಕೆಂದೂ ಇಲ್ಲ.

ಅಮೇರಿಕೆಯ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. 1985ರಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಕಟ್ಟಿದರು. 1989ರಲ್ಲಿ ಜಿಪಿಎಲ್ ಎಂಬ ಪರವಾನಿಗೆಯ ಮೊದಲ ರೂಪ ಹೊರಬಂದಿತು. ಅದರ ಮುಖ್ಯ ತತ್ತ್ವಕ್ಕೆ ಕಾಪಿಲೆಫ್ಟ್ ಎಂದು ಹೆಸರು. ಇದನ್ನು ಮೊಸರಿನ ಹೆಪ್ಪಿನಿಂದ ತಿಳಿಯಬಹುದು. ನೆರೆಮನೆಯಿಂದ ಒಂದು ಚಮಚ ಹೆಪ್ಪು ತಂದು ನಾವು ಮೊಸರು ಮಾಡುತ್ತೇವೆ. ಕೊಟ್ಟವರಿಗೆ ಏನೂ ಕಡಿಮೆಯಾಗುವುದಿಲ್ಲ. ನಾಳೆ ಇನ್ನೊಬ್ಬರು ಬಂದು ಕೇಳಿದರೆ ನಾವು ಇಲ್ಲವೆನ್ನಬಾರದು. ಈ ರೂಢಿಯನ್ನೇ ಕಾನೂನಿನ ಭಾಷೆಯಲ್ಲಿ ಬರೆದರೆ ಕಾಪಿಲೆಫ್ಟ್ ಆಗುತ್ತದೆ. ಮುಕ್ತವಾಗಿ ಪಡೆದದ್ದನ್ನು ತಿದ್ದಿ ಹಂಚುವುದಾದರೆ ಅದೇ ಸ್ವಾತಂತ್ರ್ಯದೊಡನೆ ಹಂಚಬೇಕು. ಎಂಐಟಿ, ಬಿಎಸ್‌ಡಿ ಎಂಬ ಪರವಾನಿಗೆಗಳು ಇಷ್ಟು ಕಟ್ಟುನಿಟ್ಟಿನವಲ್ಲ. ಮೂಲದ ಹೆಸರನ್ನೂ ಪರವಾನಿಗೆಯ ಬರಹವನ್ನೂ ಉಳಿಸಿದರೆ ಸಾಕು.

ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ರಲ್ಲಿ ಲಿನಕ್ಸ್ ಎಂಬ ತಿರುಳನ್ನು ರಚಿಸಿ, ಮರುವರ್ಷ ಅದನ್ನು ಜಿಪಿಎಲ್‌ಗೆ ಒಳಪಡಿಸಿದರು. ಆಗ ಅವರ ವಯಸ್ಸು ನಮ್ಮ ವಯಸ್ಸಿಗಿಂತ ಬಹಳ ದೊಡ್ಡದೇನೂ ಆಗಿರಲಿಲ್ಲ. ಇಂದಿನ ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಅದೇ ತಿರುಳು. ಮುಧೋಳದ ಕಬ್ಬಿನ ಗದ್ದೆಯಲ್ಲಿ ನಿಂತು ಮಳೆಯ ಮುನ್ಸೂಚನೆ ನೋಡುವ ರೈತನ ಕಿಸೆಯಲ್ಲಿಯೂ ಅದಿದೆ. 1998ರಿಂದ ‘ಓಪನ್ ಸೋರ್ಸ್’ ಎಂಬ ಇನ್ನೊಂದು ಹೆಸರೂ ಬಳಕೆಗೆ ಬಂದಿತು.

ನಮ್ಮ ಕನ್ನಡದ ಸಂಗತಿಯನ್ನೂ ಹೇಳಬೇಕು. ಕೆ. ಪಿ. ರಾವ್ ಅವರು ಕನ್ನಡದ ವರ್ಣಮಾಲೆಯ ತರ್ಕಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ನಾಡಿಗೆ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಅದೇ ವಿನ್ಯಾಸ ಬಳಕೆಯಾಯಿತು. ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ವನ್ನು ಹೊರತಂದರು. ಅದು ಬಹುಕಾಲ ಬೆಲೆಯಿಲ್ಲದೆ ದೊರೆತು ಸಾವಿರಾರು ಕನ್ನಡಿಗರು ಗಣಕದಲ್ಲಿ ಬರೆಯುವಂತಾಯಿತು. ಇವೆರಡೂ ಪುಕ್ಕಟೆಯಾಗಿ ದೊರೆತ ತಂತ್ರಾಂಶಗಳು. ಲೋಹಿತ್, ಗುಬ್ಬಿ, ನೋಟೋ ಎಂಬ ಕನ್ನಡ ಅಕ್ಷರವಿನ್ಯಾಸಗಳಾದರೋ ಮುಕ್ತ ಪರವಾನಿಗೆಯವು. ಅವನ್ನು ಯಾರೂ ತಿದ್ದಬಹುದು, ಹಂಚಬಹುದು.

ಬರಹ, ಚಿತ್ರಗಳಿಗೆ ಇಂಥದೇ ಪರವಾನಿಗೆ ಕ್ರಿಯೇಟಿವ್ ಕಾಮನ್ಸ್. ಇದರ ಮೊದಲ ಕಟ್ಟಳೆಗಳು 2002ರಲ್ಲಿ ಬಂದವು. 2003ರಲ್ಲಿ ಪ್ರಾರಂಭವಾದ ಕನ್ನಡ ವಿಕಿಪೀಡಿಯದ ಬರಹಗಳು ಇಂಥ ಪರವಾನಿಗೆಯಲ್ಲಿವೆ. ಯಾರೂ ಬಳಸಬಹುದು, ಆದರೆ ಮೂಲವನ್ನು ಹೆಸರಿಸಬೇಕು, ತಿದ್ದಿ ಹಂಚಿದರೆ ಅದೇ ಪರವಾನಿಗೆಯಲ್ಲಿ ಹಂಚಬೇಕು. ಸೆಮಿನಾರಿನ ಹಿಂದಿನ ರಾತ್ರಿ ಅಲ್ಲಿಂದ ಪುಟಗಟ್ಟಲೆ ಇಳಿಸಿ ಕೊನೆಗೆ ತನ್ನ ಹೆಸರನ್ನಷ್ಟೆ ಬರೆಯುವ ಮಿತ್ರರು ಪರವಾನಿಗೆಯನ್ನು ಮುರಿಯುತ್ತಿದ್ದಾರೆಂಬುದನ್ನು ಗಮನಿಸಬೇಕು. ನಾನೂ ಒಮ್ಮೆ ಆ ಮಿತ್ರರಲ್ಲಿ ಒಬ್ಬನಾಗಿದ್ದೆನೆಂಬುದನ್ನು ಗುರುಗಳು ಮನ್ನಿಸಬೇಕು.

4. ಕಳ್ಳಪ್ರತಿಯ ಬೆಲೆ

ಪರವಾನಿಗೆಯಿಲ್ಲದೆ ಮಾಡಿದ ನಕಲಿಗೆ ಕಳ್ಳಪ್ರತಿ ಎನ್ನಬಹುದು. ಅದರ ಬೀಗ ಮುರಿಯಲು ಬಳಸುವ ಚಿಕ್ಕ ತಂತ್ರಾಂಶಕ್ಕೆ ‘ಕ್ರ್ಯಾಕ್’ ಎನ್ನುವರು. ಕಳ್ಳಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸಿದವನಿಗೆ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಲ್ಲಿ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವೂ ಹೇಳಿದೆ. ಲಾಭಕ್ಕಾಗಿ ಬಳಸದಿದ್ದರೆ ನ್ಯಾಯಾಲಯವು ಸೆರೆವಾಸ ಬಿಟ್ಟು ದಂಡವನ್ನಷ್ಟೆ ಹಾಕಲು ಅವಕಾಶವಿದೆ.

ಕಾಯಿದೆಯ ಭಯಕ್ಕಿಂತ ಹತ್ತಿರದ ಭಯ ಇನ್ನೊಂದಿದೆ. ಎರಡನೆಯ ವರ್ಷದ ರಜೆಯಲ್ಲಿ ನಾನು ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆನು. ಅಲ್ಲಿಯ ಗಣಕಕ್ಕೆ ಒಂದು ಕಳ್ಳಪ್ರತಿಯನ್ನು ಹಾಕಬೇಕಾಯಿತು. ಹಾಕುವ ಮುನ್ನ ವೈರಸ್ ತಡೆಯುವ ತಂತ್ರಾಂಶವನ್ನು ಬಂದ್ ಮಾಡಿರೆಂದು ಅದರಲ್ಲಿಯೇ ಸೂಚನೆಯಿತ್ತು. ಬಂದ್ ಮಾಡಿದವನು ನಾನೆ. ಕೆಲವು ದಿನಗಳ ಮೇಲೆ ಬೆಳಿಗ್ಗೆ ಗಣಕವನ್ನು ಚಾಲೂ ಮಾಡಿದರೆ ಒಂದು ಕಡತವೂ ತೆರೆಯಲಿಲ್ಲ. ಹಣ ಕೊಟ್ಟರೆ ಬಿಡಿಸುವೆವೆಂಬ ಬರಹ ಮಾತ್ರ ತೆರೆಯಿತು. ಮದುವೆಯ ಆಮಂತ್ರಣಗಳು, ಜನರ ಅರ್ಜಿಗಳು, ರನ್ನನ ಮೇಲೆ ನಾನು ಬರೆದಿಟ್ಟ ಪ್ರಬಂಧ, ಎಲ್ಲವೂ ಹೋದವು.

ಮುಧೋಳದ ನಾಯಿಯ ಕೀರ್ತಿ ಎಲ್ಲರಿಗೂ ತಿಳಿದದ್ದೆ. ಎಂಥ ನಾಯಿಯಿದ್ದರೇನು? ಮನೆಯ ಯಜಮಾನನೇ ಅದನ್ನು ಹಿತ್ತಲಿನಲ್ಲಿ ಕಟ್ಟಿಹಾಕಿ ಕಳ್ಳನನ್ನು ಒಳಗೆ ಕರೆದರೆ ಅದು ಮಾಡುವುದಾದರೂ ಏನು? ನಾನು ಮಾಡಿದ್ದು ಇದನ್ನೆ.

ಪರವಾನಿಗೆಗೂ ಭದ್ರತೆಗೂ ಇರುವ ಸಂಬಂಧ ಬಹಳ ಹಳೆಯದು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಸೋದರರು ತಮ್ಮ ತಂತ್ರಾಂಶದ ಕಳ್ಳಪ್ರತಿ ಮಾಡುವವರನ್ನು ಹಿಡಿಯಲೆಂದು ‘ಬ್ರೇನ್’ ಎಂಬ ಕ್ರಮವಿಧಿಯನ್ನು ಬರೆದರು. ಅದರಲ್ಲಿ ತಮ್ಮ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನೂ ಇಟ್ಟಿದ್ದರು. ಅದು ಫ್ಲಾಪಿಗಳ ಮೂಲಕ ದೇಶ ದೇಶಗಳಿಗೆ ಹಬ್ಬಿ, ಐಬಿಎಂ ಮಾದರಿಯ ಪಿಸಿಗಳ ಮೊದಲ ವೈರಸ್ ಎಂದು ಹೆಸರಾಯಿತು. ಮತ್ತೆ 2017ರ ಮೇ 12ರಂದು ‘ವಾನಾಕ್ರೈ’ ಎಂಬುದು ಹರಡಿ ಸುಮಾರು 150 ದೇಶಗಳ ಗಣಕಗಳನ್ನು ಕಟ್ಟಿಹಾಕಿತು. ಆ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಹೊರಡಿಸಿತ್ತು. ತೇಪೆ ಹಾಕಿಕೊಳ್ಳದೆ ಬಿಟ್ಟವರು ಸಿಕ್ಕಿಬಿದ್ದರು. ಕಳ್ಳಪ್ರತಿ ಬಳಸುವವರು ತಮ್ಮ ಗುಟ್ಟು ಹೊರಬಿದ್ದೀತೆಂದು ಈ ತೇಪೆಗಳನ್ನೇ ನಿಲ್ಲಿಸಿರುತ್ತಾರೆ.

ಈ ತೇಪೆಗಳಿಗೆ ಅಪ್‌ಡೇಟ್ ಎಂದು ಹೆಸರು. ಇದನ್ನು ತಯಾರಕರು ಸದಾಕಾಲ ಕೊಡುವುದಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಹಣವಿಲ್ಲವೆಂಬುದು ನಮ್ಮ ನಿಜವಾದ ತೊಂದರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬರೆಯಲು, ಲೆಕ್ಕ ಮಾಡಲು ಲಿಬ್ರೆಆಫೀಸ್ ಇದೆ. ಹಳೆಯ ಗಣಕಕ್ಕೂ ಒಗ್ಗುವ ಲಿನಕ್ಸ್ ಇದೆ. ಪುಕ್ಕಟೆಯೂ ಮುಕ್ತವೂ ಆದುದು ಎದುರಿಗಿರುವಾಗ ಕದ್ದದ್ದು ಏತಕ್ಕೆ?

5. ಕಾವಲಿನ ಮಾತುಗಳು

ಕೆಡುಕು ಮಾಡುವ ತಂತ್ರಾಂಶಕ್ಕೆಲ್ಲ ಒಟ್ಟಾಗಿ ಮಾಲ್‌ವೇರ್ ಎನ್ನುವರು. ಇನ್ನೊಂದು ಕಡತಕ್ಕೆ ಅಂಟಿಕೊಂಡು ಹರಡುವುದು ವೈರಸ್. ತಾನೇ ಒಂದು ಗಣಕದಿಂದ ಇನ್ನೊಂದಕ್ಕೆ ಹರಿದುಹೋಗುವುದು ವರ್ಮ್, ಅಂದರೆ ಹುಳು. ಒಳ್ಳೆಯದರ ವೇಷದಲ್ಲಿ ಬಂದು ಒಳಗೆ ಕೇಡು ಮಾಡುವುದು ಟ್ರೋಜನ್. ಗ್ರೀಕರು ಮರದ ಕುದುರೆಯಲ್ಲಿ ಅಡಗಿ ಟ್ರಾಯ್ ಕೋಟೆಯನ್ನು ಹೊಕ್ಕ ಕಥೆಯಿಂದ ಈ ಹೆಸರು ಬಂದಿದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವುದು ರಾನ್ಸಮ್‌ವೇರ್. ವಾಟ್ಸಾಪಿನಲ್ಲಿ ಮದುವೆಯ ಆಮಂತ್ರಣವೆಂದೋ ಸರಕಾರದ ಯೋಜನೆಯೆಂದೋ ಬರುವ ‘ಎಪಿಕೆ’ ಕಡತವು ಆಮಂತ್ರಣವಲ್ಲ, ಫೋನಿನೊಳಗೆ ನಟ್ಟುಕೊಳ್ಳುವ ತಂತ್ರಾಂಶ. ಅದನ್ನು ಒತ್ತಲೇಬಾರದು.

ಪಾಸ್‌ವರ್ಡ್ ಎಂದರೆ ಗುಪ್ತಪದ. ಅದರ ಬಲವನ್ನು ಲೆಕ್ಕದಿಂದ ತಿಳಿಯಬಹುದು. ನಾಲ್ಕು ಅಂಕಿಗಳ ಗುಟ್ಟಿಗೆ ಸಾಧ್ಯವಿರುವ ಜೋಡಣೆಗಳು 10,000 ಮಾತ್ರ. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳಾದರೆ 26ನ್ನು ಎಂಟು ಸಲ ಗುಣಿಸಬೇಕು, ಸುಮಾರು 20,882 ಕೋಟಿ ಆಗುವುದು. ಗಣಕಕ್ಕೆ ಇದೂ ದೊಡ್ಡದಲ್ಲ. ಹನ್ನೆರಡು ಅಕ್ಷರಗಳಾದರೆ ಅದರ 4,56,976 ಪಟ್ಟು. ಅಂದರೆ ಗುಪ್ತಪದದ ಬಲ ಹೆಚ್ಚಾಗಿ ಉದ್ದದಲ್ಲಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಹುಟ್ಟಿದ ಇಸವಿ, ಫೋನ್ ಸಂಖ್ಯೆ, ಮನೆದೇವರ ಹೆಸರು ಇವು ಊರಿಗೆಲ್ಲ ಗೊತ್ತಿರುವ ಗುಟ್ಟುಗಳು. ಒಂದೇ ಗುಪ್ತಪದವನ್ನು ಎಲ್ಲೆಡೆ ಬಳಸುವುದು ಮನೆ, ಅಂಗಡಿ, ತಿಜೋರಿಗಳಿಗೆ ಒಂದೇ ಕೀಲಿ ಮಾಡಿಸಿದಂತೆ.

ಹ್ಯಾಶ್, ಎನ್‌ಕ್ರಿಪ್ಷನ್ ಎಂಬ ಎರಡು ಪದಗಳನ್ನು ಅನೇಕರು ಒಂದೇ ಎಂದು ತಿಳಿಯುವರು. ಎನ್‌ಕ್ರಿಪ್ಷನ್ ಎಂದರೆ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತೆ. ಕೀಲಿಯುಳ್ಳವನು ಮತ್ತೆ ತೆರೆದು ಓದಬಹುದು. ಹ್ಯಾಶ್ ಹಾಗಲ್ಲ. ಮಹಾಲಿಂಗಪುರದ ಕಡೆಯವರು ಕಬ್ಬಿನಿಂದ ಬೆಲ್ಲ ಮಾಡುತ್ತಾರೆ. ಬೆಲ್ಲದಿಂದ ಮತ್ತೆ ಕಬ್ಬನ್ನು ಮಾಡಲಾಗದು. ಆದರೆ ಬೆಲ್ಲದ ವಿಷಯದಲ್ಲಿಲ್ಲದ ಒಂದು ಗುಣ ಹ್ಯಾಶಿಗಿದೆ. ಅದೇ ಗುಪ್ತಪದವನ್ನು ಅದೇ ರೀತಿಯಲ್ಲಿ ಅರೆದರೆ ಪ್ರತಿಸಲವೂ ಅದೇ ಫಲ ಬರುವುದು. ಆದುದರಿಂದ ಒಳ್ಳೆಯ ಸಂಸ್ಥೆಯು ನಮ್ಮ ಗುಪ್ತಪದವನ್ನು ಇಟ್ಟುಕೊಳ್ಳದೆ ಅದರ ಹ್ಯಾಶನ್ನು ಮಾತ್ರ ಇಟ್ಟುಕೊಂಡು, ನಾವು ಬಂದಾಗ ಎರಡನ್ನೂ ತಾಳೆ ನೋಡುತ್ತದೆ.

ಜಾಲತಾಣದ ವಿಳಾಸದಲ್ಲಿ ಕಾಣುವ ‘ಎಚ್‌ಟಿಟಿಪಿಎಸ್’ ಎಂಬುದು, ನಮ್ಮಿಬ್ಬರ ನಡುವಿನ ಮಾತು ದಾರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋಗುತ್ತದೆಂಬ ಗುರುತು. ಪೆಟ್ಟಿಗೆಯ ಆ ತುದಿಯಲ್ಲಿರುವವನು ಪ್ರಾಮಾಣಿಕನೆಂದು ಅದು ಹೇಳುವುದಿಲ್ಲ. ಕಳ್ಳನೂ ಬೀಗ ಕೊಳ್ಳಬಲ್ಲನು. ಬ್ಯಾಂಕಿನಂತೆಯೇ ಕಾಣುವ ಸುಳ್ಳು ತಾಣ, ಸುಳ್ಳು ಸಂದೇಶಗಳಿಂದ ಗುಟ್ಟನ್ನು ಕಸಿಯುವುದಕ್ಕೆ ಫಿಶಿಂಗ್, ಅಂದರೆ ಗಾಳ ಹಾಕುವುದು, ಎಂದು ಹೆಸರು.

ಕೊನೆಗೆ ಬ್ಯಾಕಪ್, ಅಂದರೆ ಕಾಯ್ದಿಟ್ಟ ಪ್ರತಿ. ಬೀಳಗಿಯ ಕಡೆಯ ನನ್ನ ಮಿತ್ರನೊಬ್ಬನ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಊರು ಬಿಡುವಾಗ ಅವನ ಅಜ್ಜಿಯು ಹೊಲದ ಉತಾರವನ್ನು ಟ್ರಂಕಿನಲ್ಲಿಟ್ಟು, ಅದರ ನಕಲನ್ನು ತವರುಮನೆಯಲ್ಲಿ ಇಡಿಸಿದ್ದಳಂತೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಬ್ಯಾಕಪ್ಪಿನ ತತ್ತ್ವವನ್ನು ಗಣಕದ ಪಂಡಿತರು ಹೇಳುವುದೂ ಹೀಗೆಯೆ: ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಸ್ಥಳದಲ್ಲಿರಲಿ. ನನ್ನ ರನ್ನನ ಪ್ರಬಂಧಕ್ಕೆ ಇಂಥ ಅಜ್ಜಿಯೊಬ್ಬಳು ಇರಲಿಲ್ಲ.

6. ಓಟಿಪಿ ಮತ್ತು ಪಿನ್

ಈಗ ಮೊದಲಿನ ಸಂಗತಿಗೆ ಬರುತ್ತೇನೆ. ಗುಪ್ತಪದ ಒಂದೇ ಇದ್ದರೆ ಕದಿಯುವುದು ಸುಲಭವೆಂದು ಎರಡು ಹಂತದ ದೃಢೀಕರಣವನ್ನು ತಂದರು. ನಮಗೆ ತಿಳಿದಿರುವುದು ಒಂದು, ನಮ್ಮ ಕೈಯಲ್ಲಿರುವುದು ಇನ್ನೊಂದು. ಎಟಿಎಮ್ಮಿನಲ್ಲಿ ಕಾರ್ಡು ಕೈಯಲ್ಲಿರುವುದು, ಪಿನ್ ತಿಳಿದಿರುವುದು. ಓಟಿಪಿ ಎಂದರೆ ಒಂದೇ ಸಲ ನಡೆಯುವ ಗುಪ್ತಪದ. ಅದು ನಮ್ಮ ಫೋನಿಗೇ ಬರುವುದರಿಂದ ಫೋನು ನಮ್ಮ ಕೈಯಲ್ಲಿದೆಯೆಂದು ಬ್ಯಾಂಕಿಗೆ ಖಾತ್ರಿಯಾಗುತ್ತದೆ. ಅದನ್ನು ಇನ್ನೊಬ್ಬನಿಗೆ ಓದಿ ಹೇಳಿದರೆ ನಮ್ಮ ಕೈಯನ್ನೇ ಅವನಿಗೆ ಕಡ ಕೊಟ್ಟಂತಾಯಿತು. ಬ್ಯಾಂಕು ತಾನೇ ಕಳಿಸಿದ ಅಂಕಿಯನ್ನು ಫೋನು ಮಾಡಿ ಕೇಳುವ ಕಾರಣವೇ ಇಲ್ಲ.

2016ರಲ್ಲಿ ಆರಂಭವಾದ ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಡ. ಹಣ ಹಾಕುತ್ತೇನೆ, ಈ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುವವನು ಹಣ ತೆಗೆಯುವವನು. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಆಗಿದೆಯೆಂದು ಹೆದರಿಸುವವರೂ ಇದ್ದಾರೆ. ಇಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ಹೀಗೆ ಬೇರೆಯವನ ವೇಷ ಹಾಕಿ ಗಣಕದ ಮೂಲಕ ವಂಚಿಸುವುದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ ಅಪರಾಧ. 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ.

ಮೋಸವಾದರೆ ಮಾಡಬೇಕಾದುದು ಒಂದೇ: ಕೂಡಲೆ ಹೇಳುವುದು. 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ಬಾಗಲಕೋಟೆಯಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಯಿದೆ. ಹಣವು ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಿಳಿಸಿದರೆ ಅದನ್ನು ಅಲ್ಲಿಯೇ ತಡೆಹಿಡಿಯುವ ಸಾಧ್ಯತೆಯಿದೆ. ರಿಜರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನು ತಾನೇ ಗುಟ್ಟನ್ನು ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು ಎಂದು ಹೇಳಿತ್ತು. ನಮ್ಮ ತಂದೆಯವರು ಕಳೆದ ಮೂರು ದಿನಗಳ ಬೆಲೆ ಈಗ ತಿಳಿಯುತ್ತದೆ. ಆ ಮೂರು ದಿನ ಕಳ್ಳನನ್ನು ಕಾಪಾಡಿದ್ದು ನಮ್ಮ ಮನೆಯ ನಾಚಿಕೆ. ನಾವು ಠಾಣೆಗೆ ಹೋಗಿ ದೂರು ಕೊಟ್ಟೆವು. ಹಣ ಮರಳಲಿಲ್ಲ. ತಂಗಿಯ ಪ್ರವೇಶಕ್ಕೆ ಅವ್ವ ಕಿವಿಯ ಬೆಂಡೋಲೆಯನ್ನು ಒತ್ತೆ ಇಟ್ಟಳು.

ಉಪಸಂಹಾರ

ಈ ಪದಗಳಲ್ಲಿ ಒಂದೂ ಕಠಿಣವಲ್ಲವೆಂಬುದು ವಾಚಕರಿಗೆ ಈಗ ತಿಳಿದಿರಬಹುದು. ಮಗ್ಗ, ಹೆಪ್ಪು, ಬೆಲ್ಲ, ಉತಾರ ಇವನ್ನು ಬಲ್ಲವರಿಗೆ ಈ ವಿಷಯ ಅರ್ಧ ಗೊತ್ತಿದ್ದಂತೆಯೆ. ಉಳಿದರ್ಧವನ್ನು ಅವರ ಮಾತಿನಲ್ಲಿ ಹೇಳುವವರು ಬೇಕಷ್ಟೆ. ನಮ್ಮ ಕಾಲೇಜಿನ ಎನ್.ಎಸ್.ಎಸ್. ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ, ಸಂಜೆ ಒಂದು ತಾಸು ಓಣಿಯ ಕಟ್ಟೆಯ ಮೇಲೆ ಕುಳಿತು ಇವನ್ನು ಹಿರಿಯರಿಗೆ ತಿಳಿಸುವ ಕೆಲಸವನ್ನೂ ಸೇರಿಸಬಹುದೆಂದು ನನ್ನ ವಿನಂತಿ. ಮೊದಲ ಓಣಿ ನಮ್ಮದಾದರೆ ನಾನೇ ಕಟ್ಟೆ ಗುಡಿಸಿಡುತ್ತೇನೆ.

ಈ ಲೇಖನವನ್ನು ಬರೆದು ತಂದೆಯವರಿಗೆ ಓದಿ ಹೇಳಿದೆನು. ಪೂರ್ತಿ ಕೇಳಿ, “ಇಷ್ಟೆಲ್ಲ ಯಾಕ ಬರದಿ? ಅಂಕಿ ಕೇಳಿದವ ಕಳ್ಳ ಅಂತ ಬರಿ, ಸಾಕು” ಎಂದರು. ಈಗ ಅವರು ಮಗ್ಗದ ಮನೆಯಲ್ಲಿ ಜೊತೆಯವರಿಗೆಲ್ಲ ಇದನ್ನೇ ಹೇಳುತ್ತಿದ್ದಾರೆ. ತಮಗೆ ಮೋಸವಾದುದನ್ನೂ ಮುಚ್ಚಿಡದೆ ಹೇಳುತ್ತಾರೆ.

ವಿಷಯದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು. ಮಿತ್ರರು ಇಂದು ಮನೆಗೆ ಹೋದ ಮೇಲೆ ಈ ಪದಗಳಲ್ಲಿ ಒಂದನ್ನಾದರೂ ಮನೆಯವರಿಗೆ ತಿಳಿಸಿದರೆ ನನ್ನ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇನೆ.